ಒಳಮುಖದ ಅಂಕಿ

ನಮ್ಮೂರಿನಲ್ಲಿ ಯಾರನ್ನಾದರೂ "ಬಣ್ಣ ಕಂಡಿತಾ?" ಎಂದು ಕೇಳಿ ನೋಡಿ. "ಎಲ್ಲೀ ಬಣ್ಣ, ಬರೀ ಮಣ್ಣು" ಎನ್ನುತ್ತಾರೆ. ಬಣ್ಣವೆಂದರೆ ನೆಲದಡಿ ಸಿಗುವ ಓಪಲ್ ರತ್ನದ ಕಲ್ಲು. ಬೆಳಿಗ್ಗೆ ಗಣಿಯಲ್ಲಿ ಮುಷ್ಟಿಗಾತ್ರದ ಕಲ್ಲು ಸಿಕ್ಕಿದವನೂ ಸಂಜೆ ಬಿಯರ್ ಹೀರುತ್ತ, ಮುಖ ಸಪ್ಪಗೆ ಮಾಡಿಕೊಂಡು ಅದೇ ಮಾತು ಹೇಳುತ್ತಾನೆ. ಬಾಯಿಬಿಟ್ಟರೆ ಮರುದಿನ ಪಕ್ಕದಲ್ಲೇ ಇನ್ನೊಬ್ಬ ಬಂದು ತೋಡಲು ಶುರು ಮಾಡುತ್ತಾನೆ ಎಂಬ ಹೆದರಿಕೆ. ನನ್ನ ಗಂಡ ಕ್ಲೆಮ್ ಈ ವಿದ್ಯೆಯಲ್ಲಿ ಆಸ್ಟ್ರೇಲಿಯಾದ ಮರಳುಗಾಡಿನ ಈ ಕೂಬರ್ ಪೀಡಿಗೆಲ್ಲ ಗುರು. ನನ್ನ ಕಿವಿಯ ಓಲೆಗೆ ಕಲ್ಲು ಸಿಕ್ಕಿದ ದಿನವೂ ಮನೆಗೆ ಬಂದು "ಏನಿಲ್ಲ ನೋಲಿ, ಬರೀ ಮಣ್ಣು" ಎಂದು ಸ್ನಾನಕ್ಕೆ ಹೋಗಿದ್ದ ಮಹರಾಯ. ಕಟ್ಟಿಕೊಂಡ ಹೆಂಡತಿಗೂ ಸುಳ್ಳು! ಆ ಬುದ್ಧಿಯೇ ಹೋದ ಬೇಸಿಗೆಯಲ್ಲಿ ನಮ್ಮಿಬ್ಬರನ್ನೂ ಹೆದ್ದಾರಿಯ ಮೇಲೆ ಮಲಗಿಸುವುದರಲ್ಲಿತ್ತು.

ಅಡಿಲೇಡಿನ ಕಣ್ಣಾಸ್ಪತ್ರೆಯಲ್ಲಿ ಕ್ಲೆಮ್‌ಗೆ ದಿನ ಗೊತ್ತುಮಾಡಿದ್ದರು. ಆ ದಿನ ತಪ್ಪಿದರೆ ಮತ್ತೆ ಸರದಿ ಬರುವುದು ಯಾವಾಗಲೋ. "ಏನಿಲ್ಲ, ಹೊಸ ಕನ್ನಡಕ ಬರ್ಕೊಡ್ತಾರೆ" ಎಂದಿದ್ದ. ಕನ್ನಡಕಕ್ಕೆ ಅಷ್ಟು ದೂರ ಯಾಕೆ ಹೋಗಬೇಕು ಎಂದು ನಾನು ಕೇಳಲಿಲ್ಲ. ಬೇರೆ ಎಲ್ಲದಕ್ಕೂ ಬಾಯಿ ಹಾಕುವವಳು ನಾನು, ಅದೊಂದಕ್ಕೆ ಸುಮ್ಮನಿದ್ದೆ. ಚಳಿಗಾಲದಿಂದ ಅವನು ಪೇಪರನ್ನು ನನ್ನ ಕೈಯಲ್ಲೇ ಓದಿಸುತ್ತಿದ್ದ. "ನೀನು ಓದಿದ್ರೆ ಚೆನ್ನಾಗಿರತ್ತೆ ಕಣೇ" ಎನ್ನುತ್ತಿದ್ದ. ಇಷ್ಟು ವರ್ಷಕ್ಕೆ ನನ್ನ ದನಿ ಇವನಿಗೆ ಹಿಡಿಸಿತಲ್ಲ ಎಂದು ನಾನು ಉಬ್ಬಿಹೋಗಿದ್ದೆ. ದಿನ ಬಿಟ್ಟು ದಿನ "ಓಲೆ ಚೆನ್ನಾಗಿ ಕಾಣ್ತಿದೆ" ಎಂದು ಬೇರೆ ಹೇಳುತ್ತಿದ್ದ. ಮುದುಕನಿಗೆ ಈಗ ಪ್ರೀತಿ ಉಕ್ಕಿದೆ ಎಂದುಕೊಂಡೆ. ಥೂ, ನನ್ನ ಬುದ್ಧಿಗಿಷ್ಟು!

ಅಡಿಲೇಡಿಗೆ ಕಾರಿನ ಹಿಂದೆ ಕ್ಯಾರವಾನ್, ಅಂದರೆ ಗಾಲಿಮನೆ, ಎಳೆದುಕೊಂಡೇ ಹೋಗುವುದೆಂದು ಅವನ ಹಟ. ನಮ್ಮದು ಚಿಕ್ಕದು, ಬಿಳಿ, ಗುಂಡಗಿದೆ. ಮಕ್ಕಳು ಅದಕ್ಕೆ ಮೊಟ್ಟೆ ಎಂದು ಹೆಸರಿಟ್ಟಿದ್ದರು. ನೆಲದೊಳಗೆ ಕೊರೆದ ಮನೆಯಲ್ಲಿ ಬದುಕು ಕಳೆದವನಿಗೆ ಕಿಟಕಿಯಿರುವ ಹೋಟೆಲು ಕೋಣೆಯಲ್ಲಿ ನಿದ್ದೆ ಹತ್ತುವುದಿಲ್ಲ. ಮೊಟ್ಟೆಯಲ್ಲಾದರೆ ಪರದೆ ಎಳೆದು ಗವಿ ಮಾಡಿಕೊಳ್ಳುತ್ತಾನೆ. ಸರಿ, ಆದರೆ ಮೊಟ್ಟೆ ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತಿತ್ತು. ಅದರ ಟೈರು ಬದಲಾಯಿಸದೆ ನಾನು ಕಾರು ಹತ್ತುವುದಿಲ್ಲ ಎಂದೆ.

"ಬಟನ್ ನೋಡೇ, ಹೊಸದರ ಹಾಗಿದೆ!" ಎಂದ ಕ್ಲೆಮ್, ಟೈರಿನ ಉಬ್ಬುತಗ್ಗಿನ ಮೇಲೆ ಕೈಯಾಡಿಸಿ.

"ಮೀರೋನೂ ಇದನ್ನೇ ಹೇಳಿದ್ದ."

ಟೈರಿನಿಂದ ಕೈ ಹಿಂದಕ್ಕೆಳೆದುಕೊಂಡ. ಮೀರೋ ನಮ್ಮ ಪಕ್ಕದ ಗುಡ್ಡದವನು, ವೆಸ್ನಾಳ ಗಂಡ. ಅಡಿಲೇಡಿನ ದಾರಿಯಲ್ಲಿ ಗ್ಲೆಂಡಾಂಬೋ ದಾಟಿದ ಮೇಲೆ ಅವರ ಕ್ಯಾರವಾನಿನ ಟೈರು ಸಿಡಿಯಿತು. ಹಿಂದಿನ ಗಾಡಿ ನಾಯಿಬಾಲದಂತೆ ಬಡಿದಾಡಿ ಮುಂದಿನ ಕಾರನ್ನೂ ಉರುಳಿಸಿತು. ವೆಸ್ನಾ ಕುಂಟುತ್ತ ಊರಿಗೆ ಬಂದಳು, ಮೀರೋ ಪೆಟ್ಟಿಗೆಯಲ್ಲಿ ಬಂದ. ಆ ಟೈರಿನ ಬಟನ್ ಸವೆದೇ ಇರಲಿಲ್ಲವಂತೆ. ಅಂದಿನಿಂದ ವೆಸ್ನಾ ಕಂಡಕಂಡವರಿಗೆಲ್ಲ ಹೇಳುವುದು ಒಂದೇ ಮಾತು: "ಬಟನ್ ನೋಡಬೇಡ ನೋಲೀನ್, ಅಂಕಿ ನೋಡು. ಕಾರಿನ ಟೈರು ಓಡಿ ಓಡಿ ಸಾಯತ್ತೆ, ಕ್ಯಾರವಾನ್ ಟೈರು ನಿಂತು ನಿಂತೇ ಸಾಯತ್ತೆ." ಟೈರಿನ ಒಂದು ಪಕ್ಕದಲ್ಲಿ ಉಬ್ಬಿದ ಅಕ್ಷರಗಳ ಕೊನೆಗೆ ನಾಲ್ಕು ಅಂಕಿ ಇರುತ್ತದೆ. ಮೊದಲಿನ ಎರಡು ವಾರ, ಕೊನೆಯ ಎರಡು ವರ್ಷ. ಟೈರಿನ ಜಾತಕವೆಂದರೆ ಅಷ್ಟೇ. ಮೊಟ್ಟೆಯ ಟೈರಿನ ಜಾತಕ ನೋಡಿದೆ. ನನ್ನ ದೊಡ್ಡ ಮೊಮ್ಮಗಳಿಗಿಂತ ಹಳೆಯವು.

"ನಾಳೆ ಹಾಕಿಸ್ತೀನಿ, ನಾಳೆ" ಎನ್ನುತ್ತ ಕ್ಲೆಮ್ ಹೊರಡುವ ದಿನದವರೆಗೂ ಎಳೆದ. ಕೊನೆಗೆ ಆ ಬೆಳಿಗ್ಗೆ ಮೊಟ್ಟೆಯನ್ನು ಕಟ್ಟಿಕೊಂಡು ಸ್ಟಾವ್ರೋನ ಅಂಗಡಿಗೆ ಹೋದೆವು. ಮರುದಿನ ಬೆಳಿಗ್ಗೆ ನಾವು ಆಸ್ಪತ್ರೆಯಲ್ಲಿರಬೇಕು. ಸಂಜೆಯೊಳಗೆ ಪೋರ್ಟ್ ಆಗಸ್ಟಾ ಮುಟ್ಟಿದರೆ ಮಾತ್ರ ಅದು ಸಾಧ್ಯ.

ಸ್ಟಾವ್ರೋನ ಅಂಗಡಿಯೂ ಗುಡ್ಡದೊಳಗೇ. ಮುಂದೆ ತಗಡಿನ ಮಾಡು, ಹಿಂದೆ ಕೊರೆದ ಕತ್ತಲೆ ಕೋಣೆ, ಅದರ ತುಂಬ ಟೈರು. ಒಂದು ಕಾಲಕ್ಕೆ ಅವನೂ ಗಣಿಯವನೇ. ಬೆನ್ನು ಹೋದ ಮೇಲೆ ಟೈರು ಹಿಡಿದ.

"ನೋಲೀನಮ್ಮ ಬಂದ್ರು, ಇನ್ನು ನನ್ನ ಗತಿ ಮುಗೀತು!" ಎಂದು ಕೈ ಮೇಲೆತ್ತಿದ. "ಈ ಅಳತೇಲಿ ಎರಡು ಥರ ಇದೆ. ಇವು ನೋಡಿ, ಹೋದ ತಿಂಗಳು ಬಂದದ್ದು, ಘಮ್ಮಂತಿವೆ."

ಟೈರಿನ ಪಕ್ಕದಲ್ಲಿ ಬರೆದದ್ದನ್ನು ಕನ್ನಡಕ ಏರಿಸಿ ನೋಡಿದೆ. "ಇದು ಕಾರಿನ ಟೈರು ಕಣೋ. ಮೊಟ್ಟೆ ಹೊರೆ ಇದು ತಡೆಯತ್ತಾ? ಅದಕ್ಕಿರೋದೇ ಎರಡು ಚಕ್ರ. ಅದರ ಮೇಲೆ ಗ್ಯಾಸು, ನೀರು, ಇವನ ಸಾಮಾನು, ಇವನ ಹಟ, ಎಲ್ಲ ಕೂರತ್ತೆ."

"ನಿಧಾನಕ್ಕೆ ಹೋದ್ರೆ ತಡೆಯತ್ತೆ."

"ನಿಧಾನಕ್ಕೆ ಹೋಗೋದಾದ್ರೆ ನಡ್ಕೊಂಡೇ ಹೋಗ್ತೀನಿ. ಇನ್ನೊಂದು ತೋರ್ಸು."

ಒಳಗಿನಿಂದ ಇನ್ನೊಂದು ಜೊತೆ ಉರುಳಿಸಿ ತಂದ. ಲಾರಿ ಜಾತಿಯ ಗಟ್ಟಿ ಟೈರು, ಮೊಟ್ಟೆಯ ಭಾರಕ್ಕೆ ಎರಡರಷ್ಟು ಹೊರುವಂಥದ್ದು. ಮೈಮೇಲೆ ಅಚ್ಚಿನಿಂದ ಬಂದ ರಬ್ಬರಿನ ಕೂದಲು ಇನ್ನೂ ಹಾಗೇ ಇತ್ತು. ಒಂದು ದಿನವೂ ರಸ್ತೆ ಕಂಡದ್ದಲ್ಲ. ಕ್ಲೆಮ್ ಆ ಕೂದಲನ್ನು ಕರುವಿನ ಮೈ ಸವರಿದಂತೆ ಸವರಿದ.

"ಎಷ್ಟು ದಿನದಿಂದ ಇದೆ ಇದು?" ಎಂದೆ.

"ಯಾರಿಗೆ ನೆನಪಿರತ್ತಮ್ಮ? ಮುಚ್ಚಿಹೋದ ಒಂದು ಗಣಿಯವರ ಸಾಮಾನಿನ ಜೊತೆ ಬಂತು. ಆದ್ರೆ ಬಿಸಿಲೇ ಕಂಡಿಲ್ಲ. ನೆಲದೊಳಗೇ ಇಟ್ಟಿದ್ದೆ. ನೆಲದೊಳಗೆ ಇಟ್ಟದ್ದಕ್ಕೆ ವಯಸ್ಸಾಗಲ್ಲ, ನಿಮಗೆ ಗೊತ್ತಿಲ್ದೇ ಇರೋದಾ?"

ಇದು ನಮ್ಮೂರಿನವರೆಲ್ಲರ ನಂಬಿಕೆ. ಈರುಳ್ಳಿ, ವೈನು, ಮದುವೆಯ ಬಟ್ಟೆ, ಮುದುಕರು, ಯಾವುದೂ ನೆಲದೊಳಗೆ ಕೆಡುವುದಿಲ್ಲವಂತೆ. ನಾನೂ ಅರ್ಧ ನಂಬುವವಳೇ. ಆದರೆ ಮೀರೋನ ಟೈರೂ ನೆಲದೊಳಗೇ ಇತ್ತು. "ಅಂಕಿ ನೋಡೋಣ" ಎಂದು ಬಗ್ಗಿದೆ. ಅಷ್ಟರಲ್ಲಿ ಚೀಲದೊಳಗಿನ ಫೋನು ಒಂದು ಸಲ ಕಿರುಗುಟ್ಟಿ ಸುಮ್ಮನಾಯಿತು. ಆಸ್ಪತ್ರೆಯ ನಂಬರು. ಗುಡ್ಡದೊಳಗೆ ಫೋನು ಸತ್ತ ಹೆಣ, ಮಾತಾಡಬೇಕಾದರೆ ಬಿಸಿಲಿಗೇ ಬರಬೇಕು. ನಾನು ಹೊರಗೋಡಿದೆ.

ಕೌಂಟರಿನ ಹುಡುಗಿ ಸಮಯ ಖಾತ್ರಿ ಮಾಡಿಕೊಂಡಳು. "ನಾಳೆ ಯಾರು ಓಡಿಸ್ಕೊಂಡು ಬರ್ತೀರಾ?" ಎಂದಳು.

"ನಮ್ಮೆಜಮಾನ್ರೇ."

"ಅಯ್ಯೋ, ಇಲ್ಲಮ್ಮ, ಅವ್ರು..." ಎನ್ನುವಷ್ಟರಲ್ಲಿ ಮೂರು ಡಬ್ಬಿಯ ಲಾರಿಯೊಂದು ರಸ್ತೆ ನಡುಗಿಸುತ್ತ ಹೋಯಿತು. ಅದು ಹೋದ ಮೇಲೆ ನೋಡಿದರೆ ಸಂಪರ್ಕ ಕಡಿದಿತ್ತು. ಕಣ್ಣಿಗೆ ಹನಿ ಹಾಕಿದ ಮೇಲೆ ಓಡಿಸಬಾರದು ಎಂದು ಹೇಳಹೊರಟಿರಬೇಕು ಎಂದುಕೊಂಡೆ. ಮತ್ತೆ ಹಚ್ಚಿದೆ, ಸಿಗಲಿಲ್ಲ. ಅಲ್ಲಿಂದಲೇ ಒಳಗೆ ಕೂಗಿದೆ: "ಕ್ಲೆಮ್! ಅಂಕಿ ಓದು! ವರ್ಷ ಎಷ್ಟು?"

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಒಳಗಿನಿಂದ ಗಟ್ಟಿಯಾಗಿ ಬಂತು: "ಇಪ್ಪತ್ಮೂರು! ಹೊಚ್ಚ ಹೊಸದು ಕಣೇ! ಬಂಗಾರದಂಥ ಟೈರು!"

ನಾನು ಮತ್ತೆರಡು ಸಲ ಆಸ್ಪತ್ರೆಗೆ ಹಚ್ಚಿ, ಸೋತು ಒಳಗೆ ಬರುವಷ್ಟರಲ್ಲಿ ಸ್ಟಾವ್ರೋ ಟೈರನ್ನು ಚಕ್ರಕ್ಕೆ ಏರಿಸಿ ಮೊಟ್ಟೆಗೆ ಬಿಗಿದಿದ್ದ. ಅಂಕಿಯ ಮುಖ ಒಳಗಡೆಗೆ ಹೋಗಿತ್ತು, ಹೊರಗೆ ಬರೀ ಬೋಳು ರಬ್ಬರು. ಗಾಳಿ ನಲವತ್ತು ತುಂಬಿಸಿದ. ಅವನ ಮುಖ ಒಂದು ಥರ ಇತ್ತು, ಏನೋ ಹೇಳಲೋ ಬೇಡವೋ ಎನ್ನುವ ಹಾಗೆ. ಹೊತ್ತಾಗುತ್ತಿದೆ ಎಂದು ನಾನೇ ಎಲ್ಲರನ್ನೂ ಅವಸರಪಡಿಸಿದೆ.

ಊರು ದಾಟಿದ ಮೇಲೆ ನಾನು ನನ್ನ ಕಡೆಯ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮೊಟ್ಟೆಯ ಎಡ ಚಕ್ರವನ್ನೇ ನೋಡುತ್ತಿದ್ದೆ. ಮೀರೋ ತೀರಿಕೊಂಡದ್ದು ಇದೇ ದಾರಿಯಲ್ಲಿ. ಎರಡೂ ಕಡೆ ಬಯಲು, ಮರವಿಲ್ಲ, ನೆರಳಿಲ್ಲ, ಬಿಸಿಲಿಗೆ ಟಾರು ನೀರಿನ ಹಾಗೆ ಹೊಳೆಯುತ್ತದೆ.

ಕ್ಲೆಮ್ ತೀರ ಎಡಕ್ಕೆ ಹೋಗುತ್ತಿದ್ದ. ಅಂಚಿನ ಬಿಳಿ ಗೆರೆಯ ಮೇಲೇ ಚಕ್ರ. ಆಗಾಗ ಜಲ್ಲಿಗೆ ಇಳಿದು ಕಲ್ಲು ಸಿಡಿಯುತ್ತಿತ್ತು.

"ಗಾಡಿ ಎಡಕ್ಕೆ ಎಳೀತಿದೆಯಾ?" ಎಂದೆ.

"ಸ್ವಲ್ಪ. ಹೊಸ ಟೈರಲ್ವಾ, ಒಗ್ಗಬೇಕು."

ಮುಂದೆ ಒಂದು ಕ್ಯಾರವಾನ್ ಆಮೆಯ ಹಾಗೆ ಹೋಗುತ್ತಿತ್ತು. ನಮ್ಮ ಕ್ಲೆಮ್ ಎಂಥವನೆಂದರೆ ಶವಯಾತ್ರೆಯನ್ನೂ ಹಿಂದೆ ಹಾಕಿ ಹೋಗುವವನು. ಆವತ್ತು ಅದರ ಹಿಂದೆಯೇ ಅಂಟಿಕೊಂಡ, ದಾಟಲಿಲ್ಲ. ನನ್ನ ಹೆದರಿಕೆಗೆ ಮರ್ಯಾದೆ ಕೊಡುತ್ತಿದ್ದಾನೆ ಎಂದು ಮನಸ್ಸು ತುಂಬಿಬಂತು. ಫ್ಲಾಸ್ಕಿನೊಳಗಿನ ಚಹಾ ಬಗ್ಗಿಸಿ ಕೊಟ್ಟರೆ ಕೈ ತಡವಿ ತೆಗೆದುಕೊಂಡ. ನನ್ನ ಕಣ್ಣು ಕನ್ನಡಿಯಲ್ಲಿತ್ತು.

ಒಂದು ತಂಗುದಾಣದಲ್ಲಿ ನಿಲ್ಲಿಸಲು ಹೇಳಿದೆ. ನಮ್ಮ ಕಡೆ ನಾಲ್ಕರ ಲೆಕ್ಕ ಎಂದಿದೆ. ತಣ್ಣಗಿದ್ದಾಗ ನಲವತ್ತು ತುಂಬಿಸಿದ್ದರೆ, ಓಡಿ ಬಿಸಿಯಾದ ಮೇಲೆ ನಲವತ್ನಾಲ್ಕು ಆಸುಪಾಸು ತೋರಿಸಬೇಕು. ಅದಕ್ಕಿಂತ ತುಂಬ ಏರಿದರೆ ಟೈರು ಒಳಗೊಳಗೇ ಬೇಯುತ್ತಿದೆ ಎಂದು ಅರ್ಥ. ಕ್ಲೆಮ್ ಗಾಳಿ ಅಳೆಯುವ ಮುಳ್ಳು ತೆಗೆದುಕೊಂಡು ಇಳಿದ. ಎರಡೂ ಚಕ್ರಕ್ಕೆ ಹಚ್ಚಿ, ಮುಖದ ಹತ್ತಿರ ಹಿಡಿದು ನೋಡಿದ.

"ನಲವತ್ನಾಲ್ಕು. ಎರಡೂ."

"ಎರಡೂ ಸರಿಯಾಗಿ ನಲವತ್ನಾಲ್ಕೇ?"

"ಬೇಕಾದ್ರೆ ಮುತ್ತು ಕೊಟ್ಟು ನೋಡು ಹೋಗು. ಅಂಕಿ ಅಂಕಿ ಅಂತ ಜೀವ ತಿಂತೀಯಲ್ಲೇ."

ಬಿಸಿಲಿಗೆ ನಾನು ಇಳಿಯಲಿಲ್ಲ. ನಂಬಿದೆ. ಪೋರ್ಟ್ ಆಗಸ್ಟಾದಲ್ಲಿ ಮೀನು ತಿನ್ನೋಣ ಎಂದು ಮಾತಾಡಿಕೊಳ್ಳುತ್ತ ಮತ್ತೆ ಹೊರಟೆವು.

ಒಂದಷ್ಟು ದೂರ ಹೋದ ಮೇಲೆ ರಸ್ತೆಗೆ ಹೊಸ ಟಾರು ಹಾಕಿದ ಜಾಗ ಬಂತು. ಕಪ್ಪಗೆ, ಗೆರೆ ಇನ್ನೂ ಬಳಿದಿಲ್ಲ. ನಡುವೆಯೂ ಇಲ್ಲ, ಅಂಚಿಗೂ ಇಲ್ಲ. ಮುಂದಿದ್ದ ಕ್ಯಾರವಾನ್ ಅಷ್ಟರಲ್ಲಿ ಎಲ್ಲೋ ತಿರುಗಿ ಹೋಗಿತ್ತು. ಎಡಕ್ಕೆ ಹೋಗುತ್ತಿದ್ದ ನಮ್ಮ ಕಾರು ಈಗ ಮೆಲ್ಲಗೆ ಬಲಕ್ಕೆ ಜಾರತೊಡಗಿತು. ನಾನು ಕನ್ನಡಿಯಲ್ಲಿ ಮುಳುಗಿದ್ದೆ. ಹಾರ್ನ್ ಕೇಳಿ ತಲೆಯೆತ್ತಿದರೆ ಎದುರಿಗೆ ಮೂರು ಡಬ್ಬಿಯ ಲಾರಿ, ಮನೆಯಷ್ಟು ದೊಡ್ಡದು, ನಾವು ರಸ್ತೆಯ ನಡುವೆ. ಕ್ಲೆಮ್ ನೇರ ಅದರ ಕಡೆಗೇ ಮುಖ ಮಾಡಿ ಆರಾಮವಾಗಿ ಕೂತಿದ್ದಾನೆ!

"ಎಡಕ್ಕೆ! ಎಡಕ್ಕೋ!" ಎಂದು ಕಿರುಚಿ ಸ್ಟೇರಿಂಗಿಗೆ ಕೈ ಹಾಕಿದೆ.

ಅವನು ಒಮ್ಮೆಲೇ ತಿರುಗಿಸಿದ. ಲಾರಿಯ ಗಾಳಿ ನಮ್ಮನ್ನು ತಳ್ಳಿತು. ಹಿಂದೆ ಮೊಟ್ಟೆ ಆ ಕಡೆ ಈ ಕಡೆ ಬಡಿದು, ಕಾರನ್ನು ಎಳೆದಾಡಿ, ಜಲ್ಲಿಯಲ್ಲಿ ಜಾರಿ, ಹೇಗೋ ನೆಟ್ಟಗಾಯಿತು. ನಿಂತ ಮೇಲೆ ಧೂಳು ನಮ್ಮನ್ನು ದಾಟಿಕೊಂಡು ಮುಂದೆ ಹೋಯಿತು.

"ಟೈರು" ಎಂದ ಕ್ಲೆಮ್. ತುಟಿ ಬಿಳುಚಿತ್ತು. "ಟೈರೇ ಇರ್ಬೇಕು. ಬಲಕ್ಕೆ ಎಳೀತು."

"ಇಷ್ಟು ಹೊತ್ತು ಎಡಕ್ಕೆ ಎಳೀತಿತ್ತು!"

ಇಳಿದು ಹಿಂದೆ ಹೋದೆ. ಸುಟ್ಟ ರಬ್ಬರಿನ ವಾಸನೆ. ಎಡ ಚಕ್ರಕ್ಕೆ ಕೈಯ ಹಿಂಬದಿ ತಾಗಿಸಿದೆ, ಒಲೆ ಮುಟ್ಟಿದಂತಾಗಿ ಕೈ ಕಿತ್ತುಕೊಂಡೆ. ಮುಳ್ಳು ತಂದು ಹಚ್ಚಿದೆ. ಐವತ್ತೆಂಟು. ಮತ್ತೆ ಹಚ್ಚಿದೆ, ಐವತ್ತೆಂಟೇ. ರೂಢಿಯಂತೆ ಗುಂಡಿ ಒತ್ತಿ ಮುಳ್ಳನ್ನು ಸೊನ್ನೆಗೆ ಇಳಿಸಿ, ಮೊಟ್ಟೆಯ ಮೆಟ್ಟಿಲ ಮೇಲಿಟ್ಟೆ. ಪ್ಯಾಂಟು ಹೇಗೂ ಧೂಳಾಗಿತ್ತು. ಅಂಗಾತ ಮಲಗಿ ಮೊಟ್ಟೆಯ ಕೆಳಗೆ ತೆವಳಿದೆ. ಜಲ್ಲಿ ಬೆನ್ನು ಸುಡುತ್ತಿತ್ತು.

ಟೈರಿನ ಒಳಮುಖದಲ್ಲಿ ಒಂದು ಗುಳ್ಳೆ ಎದ್ದಿತ್ತು, ಕೋಳಿಮೊಟ್ಟೆಯಷ್ಟು. ಅದರ ಸುತ್ತ ಒಣಗಿದ ಕೆರೆಯ ತಳದಂತೆ ಬಿರುಕು. ಗುಳ್ಳೆಯ ಪಕ್ಕದಲ್ಲೇ ನಾಲ್ಕು ಅಂಕಿ. ಕನ್ನಡಕ ಒರೆಸಿಕೊಂಡು ಓದಿದೆ. ಮೂರು, ಐದು, ಒಂದು, ಮೂರು.

ಇಪ್ಪತ್ಮೂರಲ್ಲ. ಹದಿಮೂರು.

ತೆವಳಿ ಹೊರಗೆ ಬಂದವಳಿಗೆ ಕೋಪ ನೆತ್ತಿಗೇರಿತ್ತು. "ಹದಿಮೂರು ಅಂತಿದೆ ಕಣಯ್ಯಾ! ಹದಿಮೂರು! ನೀನು ಇಪ್ಪತ್ಮೂರು ಅಂದೆ! ಇಷ್ಟು ದೊಡ್ಡ ಅಂಕಿ, ಓದೋಕೆ ಏನು ಬಂದಿತ್ತು ನಿನಗೆ?"

"ಕತ್ತಲೆ ಇತ್ತು."

"ಇಲ್ಲಿ ಕತ್ತಲೆ ಇಲ್ವಲ್ಲ? ಆಗ ನಲವತ್ನಾಲ್ಕು ಅಂದ್ಯಲ್ಲ? ಈಗ ನಾನು ಹಚ್ಚಿದ್ರೆ ಐವತ್ತೆಂಟು!"

ಅವನು ಮೆಟ್ಟಿಲ ಮೇಲಿದ್ದ ಮುಳ್ಳನ್ನು ತೆಗೆದುಕೊಂಡ. ಮುಖದ ಹತ್ತಿರ ಹಿಡಿದು, ಅತ್ತ ಇತ್ತ ತಿರುಗಿಸಿ ನೋಡಿದ. ನೋಡಿ, ಜಗಳಕ್ಕೆ ಸಿದ್ಧನಾಗಿ ಎದೆ ಉಬ್ಬಿಸಿದ.

"ನಲವತ್ನಾಲ್ಕು. ಹೇಳಿರ್ಲಿಲ್ವಾ?"

ಮುಳ್ಳು ಸೊನ್ನೆಯ ಮೇಲಿತ್ತು.

ನಾನು ಅದನ್ನೂ ಅವನನ್ನೂ ನೋಡಿದೆ. ಬಾಯಲ್ಲಿದ್ದ ಬೈಗುಳವೆಲ್ಲ ಒಣಗಿಹೋಯಿತು. ಪೇಪರು, ಓಲೆ, ಬಿಳಿ ಗೆರೆ, ತಡವಿ ತೆಗೆದುಕೊಂಡ ಚಹಾ, ಕೌಂಟರಿನ ಹುಡುಗಿಯ "ಅಯ್ಯೋ, ಇಲ್ಲಮ್ಮ", ಎಲ್ಲ ಒಟ್ಟಿಗೆ ಬಂದು ತಲೆಗೆ ಬಡಿಯಿತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಟೈರು ಕಾಯುತ್ತಿದ್ದೆನಲ್ಲ, ಸಿಡಿಯುವ ಟೈರು ನನ್ನ ಪಕ್ಕದಲ್ಲೇ ಕೂತು ಸ್ಟೇರಿಂಗ್ ಹಿಡಿದಿತ್ತು.

"ಕ್ಲೆಮ್" ಎಂದೆ ಮೆಲ್ಲಗೆ. "ಯಾವಾಗಿಂದ?"

ಅವನು ಮುಳ್ಳನ್ನು ತಿರುಗಿಸುತ್ತಲೇ ಇದ್ದ. "ಚಳಿಗಾಲದಿಂದ" ಎಂದ.

"ಏನು ಕಾಣತ್ತೆ?"

"ಪಕ್ಕ ಪಕ್ಕ ಎಲ್ಲ ಕಾಣತ್ತೆ. ನಡುವೆ ಮಸಿ ಬಳಿದ ಹಾಗೆ. ಯಾವುದನ್ನ ನೋಡ್ತೀನೋ ಅದು ಕಾಣಲ್ಲ. ರಸ್ತೆ ಕಾಣಲ್ಲ, ಅಂಚಿನ ಗೆರೆ ಕಾಣತ್ತೆ. ಗೆರೆ ಹಿಡ್ಕೊಂಡು ಬಂದೆ." ನನ್ನ ಕಡೆಗೆ ತಿರುಗಿ ಹೇಳಿದ: "ನಿನ್ನನ್ನ ನೋಡಿದ್ರೆ ಕಿವಿ ಕಾಣತ್ತೆ. ಓಲೆ ಕಾಣತ್ತೆ. ನಡುವೆ ಮುಖ ಇಲ್ಲ ನೋಲಿ."

ಅಳು ಬಂತು. ಅದಕ್ಕಿಂತ ಜೋರಾಗಿ ಸಿಟ್ಟು ಬಂತು. "ಗೆರೆ ಹಿಡ್ಕೊಂಡು! ಗೆರೆ ಹಿಡ್ಕೊಂಡು ನನ್ನನ್ನ ಕೂರಿಸ್ಕೊಂಡು ಬಂದ್ಯಾ? ಆ ಲಾರಿ ಓಡಿಸ್ತಿದ್ದೋನಿಗೂ ಹೆಂಡತಿ ಮಕ್ಕಳು ಇರಲ್ವಾ? ನನ್ನ ಕಣ್ಣಿಗೆ ಮಣ್ಣೆರಚಿದ್ದು ಸಾಲದು ಅಂತ ಮಣ್ಣಿಗೇ ಹಾಕೋಕೆ ಹೊರಟಿದ್ಯಾ? ಅಂಕಿ ಹೇಗೆ ಓದಿದೆ, ಅದನ್ನ ಹೇಳು!"

"ಬೆರಳಲ್ಲಿ. ಕೊನೇದು ಮೂರು ಅಂತ ಗೊತ್ತಾಯ್ತು. ಅದರ ಹಿಂದಿಂದು ಒಂದೋ ಎರಡೋ ತಿಳೀಲಿಲ್ಲ. ನೀನು ಹೊರಗಿಂದ ಕೂಗ್ತಿದ್ದೆ." ಮುಳ್ಳನ್ನು ಜೇಬಿಗೆ ಹಾಕಿಕೊಂಡ. "ನಿನಗೆ ಬೇಕಾದ್ದನ್ನ ಹೇಳಿದೆ."

"ಸ್ಟಾವ್ರೋನ ಕೇಳಬಾರ್ದಿತ್ತಾ?"

"ಕೇಳಿದ್ರೆ ಗೊತ್ತಾಗ್ತಿತ್ತಲ್ಲ. ಸಾಯಂಕಾಲದೊಳಗೆ ಇಡೀ ಊರಿಗೆ ಗೊತ್ತಾಗ್ತಿತ್ತು. ಕ್ಲೆಮ್‌ಗೆ ಬಣ್ಣ ಕಾಣಲ್ವಂತೆ ಅಂತ. ಗಣಿಯವನಿಗೆ ಅದಕ್ಕಿಂತ ಅವಮಾನ ಇನ್ನೇನು ಬೇಕು? ನಾಳೆ ಡಾಕ್ಟ್ರು ಸರಿ ಮಾಡಿಬಿಡ್ತಾರೆ, ಯಾರಿಗೂ ಹೇಳೋದೇ ಬೇಡ ಅಂದ್ಕೊಂಡೆ. ನಿನಗೂ."

ನಾನು ಜಲ್ಲಿಯ ಮೇಲೇ ಕೂತೆ. ನೊಣಗಳು ಮುಖಕ್ಕೆ ಮುತ್ತುತ್ತಿದ್ದವು, ಓಡಿಸುವ ಮನಸ್ಸೂ ಬರಲಿಲ್ಲ. ಈಗ ಏನು ಮಾಡುವುದು? ಮೊಟ್ಟೆಯ ಹಿಂದಿರುವ ಸ್ಟೆಪ್ನಿ ಚಕ್ರ ಇವೆರಡಕ್ಕೂ ಅಜ್ಜಿ. ಒಂದು ಗುಳ್ಳೆಯೆದ್ದ ಟೈರಿನ ಜಾಗಕ್ಕೆ ಇನ್ನೂ ಮುದಿ ಟೈರು ಹಾಕುವುದು ಬಾಣಲೆಯಿಂದ ಬೆಂಕಿಗೆ ಬಿದ್ದಂತೆ. ಹೊಸ ಟೈರಿಗೆ ಕಾದರೆ ಎರಡು ದಿನ, ಆಸ್ಪತ್ರೆ ತಪ್ಪುತ್ತದೆ. ಫೋನು ಸತ್ತಿದೆ. ವಿಧವೆ ವೆಸ್ನಾ ನನ್ನ ಕಣ್ಣ ಮುಂದೆ ಬಂದಳು. ಅವಳೇನು ಮಾಡೆನ್ನುತ್ತಿದ್ದಳು? ಬಿಟ್ಟುಬಿಡು ಎನ್ನುತ್ತಿದ್ದಳು. ಮೊಟ್ಟೆಗೆ ಸುರಕ್ಷಿತವಾದ ಟೈರು ಇವತ್ತು ಈ ರಸ್ತೆಯಲ್ಲಿ ಎಲ್ಲೂ ಇಲ್ಲ.

ಎದ್ದು ಪ್ಯಾಂಟು ಕೊಡವಿದೆ. "ಬಿಚ್ಚು ಮೊಟ್ಟೆನ."

"ಇಲ್ಲೇ ಬಿಟ್ಟು ಹೋಗೋದಾ? ಯಾರಾದ್ರೂ ಎಳ್ಕೊಂಡು ಹೋಗ್ತಾರೆ ಕಣೇ!"

"ಆ ಟೈರು ಇಟ್ಕೊಂಡು ಎಳ್ಕೊಂಡು ಹೋಗ್ಲಿ, ಅವ್ರ ಹಣೆಬರಹ. ಬಿಚ್ಚು ಅಂದ್ನಲ್ಲ!"

ಬಿಚ್ಚಿದ. ಆ ಕೆಲಸಕ್ಕೆ ಅವನಿಗೆ ಕಣ್ಣು ಬೇಕಿರಲಿಲ್ಲ. ಸರಪಳಿ, ಕೊಕ್ಕೆ, ದೀಪದ ತಂತಿ, ಊರುಗಾಲು, ಎಲ್ಲ ಅವನ ಕೈಗೆ ತಾವೇ ಬಂದು ಸೇರುತ್ತಿದ್ದವು. ಮುಗಿದ ಮೇಲೆ ಮೊಟ್ಟೆಯ ಬೆನ್ನು ತಟ್ಟಿದ. ಆಮೇಲೆ ರೂಢಿಯಂತೆ ಬಲಗಡೆಗೆ, ಓಡಿಸುವವನ ಬಾಗಿಲಿಗೆ ಹೋದ. ಹಿಡಿಕೆಗೆ ಕೈ ಹಾಕಿ ಹಾಗೇ ನಿಂತ. ನಾನು ಏನೂ ಹೇಳಲಿಲ್ಲ. ನನ್ನ ಬಾಯಿಗೆ ಅಷ್ಟಾದರೂ ಮಾನ ಇತ್ತು. ಅವನೇ ಕೈ ಬಿಟ್ಟು, ಬಾನೆಟ್ಟನ್ನು ತಡವಿಕೊಳ್ಳುತ್ತ ಸುತ್ತಿ ಬಂದು, ನಾನು ಮೂವತ್ತು ವರ್ಷ ಕೂತ ಜಾಗದಲ್ಲಿ ಕೂತ.

ಊರೊಳಗೆ ಬ್ರೆಡ್ಡು ತರಲು ಓಡಿಸುವವಳು ನಾನು. ಹೆದ್ದಾರಿಯಲ್ಲಿ ಓಡಿಸಿದ್ದೇ ಇಲ್ಲ. ಎದುರಿಗೆ ಲಾರಿ ಬಂದಾಗಲೆಲ್ಲ ಕೈ ಬೆವರಿ ಸ್ಟೇರಿಂಗು ಜಾರುತ್ತಿತ್ತು. "ಲಾರಿ" ಎನ್ನುತ್ತಿದ್ದೆ. ಕ್ಲೆಮ್ ತನ್ನ ಕಡೆಯ ಅಂಚು ನೋಡಿ, "ಇನ್ನೂ ಜಾಗ ಇದೆ, ಬಾ, ಇನ್ನೂ ಸ್ವಲ್ಪ ಎಡಕ್ಕೆ ಬಾ, ಸಾಕು" ಎನ್ನುತ್ತಿದ್ದ. ಅವನಿಗೆ ನಡು ಇಲ್ಲ, ನನಗೆ ಧೈರ್ಯ ಇಲ್ಲ. ಇಬ್ಬರೂ ಸೇರಿ ಒಬ್ಬ ಡ್ರೈವರಾದೆವು.

ಗ್ಲೆಂಡಾಂಬೋದಲ್ಲಿ ಗಾಡಿ ಹೊರುವ ಲಾರಿಯವನೊಬ್ಬನಿಗೆ ಮೊಟ್ಟೆಯ ಗುರುತು ಹೇಳಿ, ಹೊತ್ತು ತರಲು ಒಪ್ಪಿಸಿದೆವು. ಪೋರ್ಟ್ ಆಗಸ್ಟಾದಲ್ಲಿ ಕಿಟಕಿಯಿರುವ ಕೋಣೆಯೇ ಸಿಕ್ಕಿತು. ಕ್ಲೆಮ್ ಗಾಜಿಗೆ ಕಂಬಳಿ ಇಳಿಬಿಟ್ಟ. ನಾನು ಸ್ಟಾವ್ರೋಗೆ ಫೋನು ಹಚ್ಚಿ ಅವನ ಏಳು ತಲೆಮಾರು ಜಾಲಾಡಿದೆ. ಅವನು ಎಲ್ಲ ಕೇಳಿಸಿಕೊಂಡು, "ನಂಗೆ ಆಗ್ಲೇ ಅನ್ನಿಸ್ತಮ್ಮ" ಎಂದ. "ನಮ್ಮೂರಲ್ಲಿ ಕೊಳ್ಳೋನು ಯಾವತ್ತಾದ್ರೂ ಮಾಲು ಹೊಗಳಿದ್ದುಂಟಾ? ಬಂಗಾರದಂಥ ಟೈರು ಅಂದ್ಬಿಟ್ಟ. ಇವನಿಗೆ ಏನೋ ಆಗಿದೆ ಅಂದ್ಕೊಂಡೆ." ಅಂದುಕೊಂಡವನು ಆಗಲೇ ಬಾಯಿ ಬಿಡಬಾರದಿತ್ತೇ? ಆದರೆ ಯಾರನ್ನು ಬೈಯುವುದು? ಊರಿಗೆ ಊರೇ ಬಾಯಿ ಮುಚ್ಚಿಕೊಂಡು ಬದುಕುವುದನ್ನು ಕಲಿತಿದೆ.

ಮರುದಿನ ಆಸ್ಪತ್ರೆಯ ಕೌಂಟರಿನಲ್ಲಿ ಅದೇ ದನಿಯ ಹುಡುಗಿ. "ಯಾರು ಓಡಿಸ್ಕೊಂಡು ಬಂದ್ರಿ?" ಎಂದಳು. "ನಾನು" ಎಂದೆ. ಅರ್ಧ ಸುಳ್ಳು. ಡಾಕ್ಟರು ಬಹಳ ಹೊತ್ತು ನೋಡಿದರು. ಬಲಗಣ್ಣಿನ ನಡು ಹೋಗಿದೆ, ಅದು ಮರಳುವುದಿಲ್ಲ ಎಂದರು. ಎಡಗಣ್ಣಿನಲ್ಲಿ ಉಳಿದಿರುವುದನ್ನು ಸೂಜಿ ಹಾಕಿ ಹಿಡಿದಿಡಬಹುದು, ಇನ್ನಷ್ಟು ತಡ ಮಾಡಿದ್ದರೆ ಅದೂ ಹೋಗುತ್ತಿತ್ತು. ಇನ್ನು ಮುಂದೆ ಇವರು ವಾಹನ ಮುಟ್ಟಕೂಡದು ಎಂದು ನನ್ನ ಮುಖ ನೋಡಿ ಹೇಳಿದರು. ಕಣ್ಣಿಗೇ ಸೂಜಿ! ಕ್ಲೆಮ್ ಕಮಕ್ ಕಿಮಕ್ ಎನ್ನದೆ ಚುಚ್ಚಿಸಿಕೊಂಡ, ನಾನು ಕುರ್ಚಿಯ ಕೈ ಮುರಿಯುವ ಹಾಗೆ ಹಿಡಿದಿದ್ದೆ.

ಹೊರಗೆ ಬೆಂಚಿನ ಮೇಲೆ ಕೂತೆವು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣು ನನ್ನ ಪಕ್ಕದ ಕಸದ ಡಬ್ಬಿಯ ಮೇಲೆ.

"ಅದೇನು ಆ ಡಬ್ಬಿ ಅಷ್ಟು ಚೆನ್ನಾಗಿದೆಯಾ?" ಎಂದೆ.

"ಡಬ್ಬಿ ನೋಡ್ತಿಲ್ಲ. ಅಲ್ಲಿ ನರ್ಸ್ ಹೇಳ್ಕೊಟ್ಲು. ಪಕ್ಕಕ್ಕೆ ನೋಡಿದ್ರೆ ಬೇಕಾದ್ದು ಅಂಚಿಗೆ ಬರತ್ತಂತೆ." ಕತ್ತನ್ನು ಇನ್ನೂ ಸ್ವಲ್ಪ ಆಚೆಗೆ ತಿರುಗಿಸಿದ, ಕಳ್ಳಗಣ್ಣಿನಲ್ಲಿ ನೋಡುವವನ ಹಾಗೆ. "ತಡಿ. ಅಲ್ಲಾಡಬೇಡ."

ನಾನು ಅಲ್ಲಾಡಲಿಲ್ಲ. ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಏನು, ಬಣ್ಣ ಕಂಡಿತಾ?" ಎಂದೆ, ಊರಿನವರು ಕೇಳುವ ಹಾಗೆ. "ಸುಳ್ಳು ಹೇಳಿದ್ರೆ ಇಲ್ಲೇ ಬಿಟ್ಟು ಹೋಗ್ತೀನಿ. ಕಾರಿನ ಬೀಗದ ಕೈ ನನ್ನ ಹತ್ರ ಇದೆ."

ಅವನು ಆ ಡಬ್ಬಿಯನ್ನೇ ನೋಡುತ್ತ ಕತ್ತನ್ನು ಇನ್ನೊಂದಿಷ್ಟು ಹೊರಳಿಸಿದ.

"ಕಂಡಿತು" ಎಂದ.